ಎರಡು ಚಳಿಗಾಲ ಹೊದ್ದ ತೊಗಲು

ಹಾಲೆಂಡಿನಿಂದ ಕಡಲು ದಾಟಿ ಬಂದು ನಾವು ಕಟ್ಟಿಕೊಂಡ ಬೇವರ್‌ವೈಕ್ ಊರಿನಲ್ಲಿ, ಬೀವರ್ ಅನ್ನೋ ಹೊಳೆಪ್ರಾಣಿಯ ಹೊಸ ತೊಗಲಿಗಿಂತ ಹೊದ್ದು ಹಳೆಯದಾದದ್ದಕ್ಕೇ ಬೆಲೆ ಹೆಚ್ಚು. ಇಲ್ಲಿನ ಮೂಲನಿವಾಸಿಗಳಾದ ಮೋಹಾಕ್ ಜನ ಎರಡು ಚಳಿಗಾಲ ಹೊದ್ದರೆ ಒರಟು ಕೂದಲೆಲ್ಲ ಉದುರಿ, ಮೈಯ ಜಿಡ್ಡು ಹೀರಿ ತೊಗಲು ಬೆಣ್ಣೆಯಂತಾಗುತ್ತದೆ. ಹಾಲೆಂಡಿನ ಟೋಪಿ ಮಾಡುವವರಿಗೆ ಅದೇ ಬೇಕು. ನನ್ನ ಗಂಡ ರುಟ್ಗರ್ ಇಪ್ಪತ್ತು ವರ್ಷ ಅದನ್ನೇ ಕೊಂಡು ಮಾರಿದವರು, ಮೇಲೆ ಊರಿನ ನ್ಯಾಯಾಧೀಶರು ಬೇರೆ. ಮನೆಯಲ್ಲೂ ತೀರ್ಪು ಕೊಡುವ ಚಾಳಿ!

ಆ ದಿನ ಮೂಟೆಗಳನ್ನು ದೋಣಿಗೆ ಏರಿಸಬೇಕಿತ್ತು. ಬೆಳಿಗ್ಗೆಯೇ ಒಬ್ಬ ಮೋಹಾಕ್ ಅಜ್ಜಿ ಕೂಸನ್ನೆತ್ತಿಕೊಂಡು ಬಂದಳು. ಅವಳ ಭಾಷೆ ನಮಗಿಬ್ಬರಿಗೂ ಬರುತ್ತಿತ್ತು.

“ಮಗಳು ತೀರ್ಹೋದ್ಳಪ್ಪ. ಅವಳು ಹೊದೀತಿದ್ದ ತೊಗಲನ್ನ ಅಳಿಯ ನಿಂಗೆ ಮಾರ್ಬಿಟ್ಟ. ಅದಿಲ್ದೆ ಈ ಕೂಸು ಮಲಗಲ್ಲ, ಮೂರು ದಿನದಿಂದ ಗಂಜಿ ಮುಟ್ಟಿಲ್ಲ. ವಾಪಸ್ ಕೊಡಪ್ಪ, ಇಲ್ಲ ಅನ್ಬೇಡ.”

“ಮಾರಿದ್ದು ಮಾರಿದ್ದೇ, ಅಜ್ಜಿ,” ಅಂದರು ಇವರು.

ಕೂಸಿನ ತುಟಿ ಒಣಗಿತ್ತು. ಅಳಲೂ ತ್ರಾಣವಿರಲಿಲ್ಲ. ನಾನು ಇವರತ್ತ ತಿರುಗಿದೆ.

“ರೀ, ನಿಮ್ಮ ನ್ಯಾಯಕ್ಕಿಷ್ಟು ಬೆಂಕಿ ಹಾಕ! ಮೂಟೆ ಬಿಚ್ಚಿ!”

“ಬಿಚ್ಚಿದ್ರೆ ಗೊತ್ತಾಗತ್ತೇನೆ? ನೂರಾರು ಇವೆ, ಎಲ್ಲಾ ಒಂದೇ ಥರ. ನನಗೇ ಗುರುತು ಸಿಗಲ್ಲ.”

“ನಿಮಗೆ ಸಿಗಲ್ಲ. ಕೂಸಿಗೆ ಸಿಗತ್ತೆ.”

ಗೊಣಗುತ್ತಲೇ ಹಗ್ಗ ಕೊಯ್ದರು. ಒಂದೊಂದೇ ತೊಗಲು ಹಾಸಿ ಕೂಸನ್ನು ಮಲಗಿಸಿದೆವು. ಮುಖ ತಿರುಗಿಸಿತು, ಕುಂಯ್‌ಗುಟ್ಟಿತು, ಕಾಲು ಝಾಡಿಸಿತು. ದೋಣಿಯವನು ಎರಡು ಸಲ ಕೂಗಿ, ಬೈದು, ಹೊರಟೇ ಹೋದ. ಇವರು ತಲೆಯೆತ್ತಿ ಕೂಡ ನೋಡಲಿಲ್ಲ. ಮೊಣಕಾಲೂರಿ ಇನ್ನೊಂದು ಹಾಸಿದರು.

ಮೂರನೆಯ ಮೂಟೆಯ ತಳದಲ್ಲಿತ್ತು ಅದು. ಮಲಗಿಸಿದ್ದೇ ತಡ, ಕೂಸು ಕೆನ್ನೆ ಒತ್ತಿ ಮೂಸಿತು, ಎರಡೂ ಮುಷ್ಟಿಯಲ್ಲಿ ತುಪ್ಪಳ ಹಿಡಿದು ಉಸಿರು ಬಿಟ್ಟಿತು. ಅಜ್ಜಿ ತಾನು ತಂದಿದ್ದ ಮುಸುಕಿನ ಜೋಳದ ಗಂಜಿಯಲ್ಲಿ ಬೆರಳದ್ದಿ ಕೊಟ್ಟರೆ ಚಪ್ಪರಿಸಿತು. ಅಜ್ಜಿಯೂ ಅತ್ತಳು, ನಾನೂ ಅತ್ತೆ.

ಅವಳು ಕೂಸನ್ನು ಅದರಲ್ಲೇ ಸುತ್ತಿಕೊಂಡು ಹೋದ ಮೇಲೆ ಚೆಲ್ಲಾಪಿಲ್ಲಿ ತೊಗಲುಗಳ ನಡುವೆ ನಾವಿಬ್ಬರೇ ಕುಳಿತಿದ್ದೆವು. ಎರಡು ವರ್ಷದಿಂದ ಗಂಟಲಲ್ಲಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

“ನಮ್ಮ ಮಗ ಯೋರಿಸ್ ತೀರ್ಕೊಂಡ ವಾರವೇ ಅವನ ಬಟ್ಟೆಯೆಲ್ಲ ಕುದಿಸಿ ಒಗೆದುಬಿಟ್ಟೆ ಕಣ್ರೀ. ಮನೆ ಚೊಕ್ಕವಾಗಿರ್ಬೇಕು ಅಂತ. ಹಾಳು ಚೊಕ್ಕ! ಈಗ ಪೆಟ್ಟಿಗೆ ತೆಗೆದ್ರೆ ಸೋಪಿನ ವಾಸನೆ ಬಿಟ್ರೆ ಇನ್ನೇನೂ ಇಲ್ಲ.”

ಇವರು ನನ್ನ ಕೈ ಹಿಡಿದುಕೊಂಡರು.

“ಗೊತ್ತು ಕಣೆ, ಹಿಲ್ಲೆ,” ಅಂದರು. “ನೀನು ಚರ್ಚಿಗೆ ಹೋದಾಗೆಲ್ಲ ನಾನೂ ತೆಗೆದು ಮೂಸಿ ನೋಡ್ತೀನಿ.”