ಮಿರಜಿನ ಗಿರಾಕಿ

ಬೀರಲಿಂಗಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ಕೂತು ಹಳೆಯ ಗೋಡೆ ಗಡಿಯಾರಗಳನ್ನು ರಿಪೇರಿ ಮಾಡತೊಡಗಿದ. ಗುಜರಿಯಲ್ಲಿ ಸಿಕ್ಕವನ್ನು ತಂದು, ಸ್ಪ್ರಿಂಗು ಬದಲಿಸಿ, ಮರಕ್ಕೆ ಪಾಲಿಶ್ ಹಚ್ಚಿ ನಡೆಯುವಂತೆ ಮಾಡುತ್ತಿದ್ದ. ಊರಲ್ಲಿ ಕೊಳ್ಳುವವರೇ ಇರಲಿಲ್ಲ. 2006ರಲ್ಲಿ ಎದುರು ಮನೆಯ ಸುಹಾಸಿನಿ ಇಂಟರ್ನೆಟ್ ಹಾಕಿಸಿಕೊಂಡಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು.

"ಕಾಕಾ, ಹರಾಜಿನ ವೆಬ್‌ಸೈಟ್ ಒಂದು ಅದ. ಅದರಾಗ ಹಾಕಿ ನೋಡೋಣೇನ್ರಿ?" ಎಂದು ತಾನಾಗಿಯೇ ಕೇಳಿದಳು.

ಮೊದಲ ಗಡಿಯಾರ ಹತ್ತು ದಿನದಲ್ಲಿ ಕೋಲ್ಕತ್ತಾಕ್ಕೆ ಹೋಯಿತು. ಹಣ ಸುಹಾಸಿನಿಯ ಬ್ಯಾಂಕ್ ಖಾತೆಗೆ ಬಂತು. ಮರುದಿನವೇ ತಂದು ಕೊಟ್ಟಳು.

"ಹದಿನೆಂಟನೂರಕ್ಕ ಹೋತ್ರಿ. ಅವರ ಫೀ ಕಡದು ಹದಿನೈದನೂರಾ ಅರವತ್ತಾರು ಬಂದದ."

ಬೀರಲಿಂಗಪ್ಪ ನಕ್ಕು ತೆಗೆದುಕೊಂಡ. ಅವಳು ಹೋದ ಮೇಲೆ ನಗು ಉಳಿಯಲಿಲ್ಲ.

"ಅಂಗಡಿ ಇಲ್ಲ, ಕಟ್ಟಿ ಇಲ್ಲ. ಯಾರಿಗೆ ಫೀ ಕೊಡೂದು?" ಎಂದು ಹೆಂಡತಿ ಮುರಿಗೆವ್ವನನ್ನು ಕೇಳಿದ.

"ನನಗೇನ ಕೇಳತೀರಿ? ಅವರನ್ನ ಕೇಳ್ರಿ."

"ಕೇಳಿದ್ರ ಏನಾರ ಲೆಕ್ಕಾ ಹೇಳತಾರ. ಲೆಕ್ಕಾ ಕಲಸೂ ಬಾಯಾರ ಮುಂದ ನಾ ಏನ್ ಮಾತಾಡ್ಲಿ?"

ಎರಡನೆಯದಕ್ಕೆ ನೂರಾ ತೊಂಬತ್ತು ಕಡಿತವಾಯಿತು. ಮೂರನೆಯದಕ್ಕೆ ಇನ್ನೂರಾ ಎಪ್ಪತ್ತು. ಖರೇ ಫೀ ಆಗಿದ್ದರೆ ಪ್ರತಿ ಸಲ ಒಂದೇ ಇರಬೇಕಿತ್ತಲ್ಲ ಎಂಬುದು ಅವನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ. ದಸರೆಯ ಹೊತ್ತಿಗೆ ಸುಹಾಸಿನಿಯ ಮನೆಗೆ ಹೊಸ ಫ್ರಿಜ್ ಬಂದಾಗ ಕಿಟಕಿಯಲ್ಲಿ ನಿಂತು ನೋಡಿದ. ಅವಳು ಕೊರಿಯರಿನವನೊಂದಿಗೆ ತಗ್ಗಿದ ದನಿಯಲ್ಲಿ ಮಾತಾಡಿದರೂ ಅದರಲ್ಲೇನೋ ಇದೆ ಅನಿಸುತ್ತಿತ್ತು. ಆದರೂ ಗಡಿಯಾರ ಕೊಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕಳ್ಳತನ ಸಿಗುವುದು ಹೇಗೆ?

ವರ್ಷ ಕಳೆದು ಹನ್ನೊಂದನೆಯ ಗಡಿಯಾರ ತಯಾರಾದಾಗ ಒಂದು ಉಪಾಯ ಹೊಳೆಯಿತು. ವರ್ಕ್‌ಶಾಪಿನ ಹಳೆಯ ಗೆಳೆಯ ಹುಚ್ಚಪ್ಪ ಮಿರಜಿನಲ್ಲಿ ಮಗಳು ಕಾವೇರಿಯ ಮನೆಯಲ್ಲಿದ್ದ. ಬೀರಲಿಂಗಪ್ಪ ಸ್ಟೇಷನ್ ರಸ್ತೆಯ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದ.

"ನಿನ್ನ ಮಗಳಿಗೆ ಹೇಳಿ ನನ್ನ ಗಡಿಯಾರ ನೀನ ತಗೋ. ರೊಕ್ಕಾ ನಾ ಕೊಡತೇನಿ. ಅಲ್ಲಿ ಎಷ್ಟು ಕೊಟ್ರು, ಇಲ್ಲಿ ನನ್ನ ಕೈಗೆ ಎಷ್ಟು ಬಂತು ಗೊತ್ತಾಗಲಿ."

"ನಿನ್ನ ಗಡಿಯಾರ ನೀನ ಯಾಕ ಕೊಳ್ಳತಿ? ತಲಿ ಸರಿ ಐತಿಲ್ಲೋ?" ಎಂದ ಹುಚ್ಚಪ್ಪ.

ಆ ಗಡಿಯಾರದ ಮೊದಲ ಹರಾಜಿನ ಹೊತ್ತಿಗೆ ಕಾವೇರಿಗೆ ವೆಬ್‌ಸೈಟಿನಲ್ಲಿ ಖಾತೆ ತೆರೆಯಲು ಆಗಿರಲಿಲ್ಲ. ಬೇರೆ ಯಾರೂ ಕೂಗಲಿಲ್ಲ. ಸುಹಾಸಿನಿ ಎರಡನೇ ಸಲ ಹಾಕಿದಳು. ಈ ಸಲ ಚೆನ್ನೈನವರೊಬ್ಬರು ಪೈಪೋಟಿಗೆ ಬಿದ್ದು, ಕಡೆಗೆ ಎರಡು ಸಾವಿರಕ್ಕೆ ಗಡಿಯಾರ ಕಾವೇರಿಯ ಪಾಲಾಯಿತು. ವಾರದ ನಂತರ ಸುಹಾಸಿನಿ ತಂದದ್ದು ಹದಿನೇಳುನೂರಾ ಇಪ್ಪತ್ತು.

ಆ ರವಿವಾರ ಮುಂಜಾನೆ ಅವನು ಎದುರು ಮನೆಗೆ ಹೋದ. ಸುಹಾಸಿನಿ ಉತ್ತರ ಪತ್ರಿಕೆ ತಿದ್ದುತ್ತಿದ್ದಳು.

"ಬಾಯಾರ, ಅವರು ಎರಡ ಸಾವಿರ ಕೊಟ್ಟಾರ. ಇನ್ನೂರಾ ಎಂಬತ್ತು ಎಲ್ಲಿ ಹೋತ್ರಿ?"

"ಫೀ ಹೋಗೇದ್ರಿ ಕಾಕಾ. ಎರಡ ಸಾವಿರ ಅಂತ ನಾ ಈ ಸಲ ಹೇಳೇ ಇಲ್ಲಲಾ, ನಿಮಗ ಹ್ಯಾಂಗ ಗೊತ್ತಾತು?"

ಬೀರಲಿಂಗಪ್ಪ ಮುಚ್ಚಿಡಲು ಮನಸ್ಸಾಗದೆ, "ಮಿರಜಿನ ಗಿರಾಕಿ ನನ್ನ ಗೆಳ್ಯಾರಿ. ನಾನ ತಗೊಳ್ಳಾಕ ಹೇಳಿದ್ದೆ" ಅಂದ.

ಸುಹಾಸಿನಿ ಕೆಂಪು ಪೆನ್ನಿನ ಟೊಪ್ಪಿಗೆ ಹಾಕಿ ಬದಿಗಿಟ್ಟಳು. ಕಂಪ್ಯೂಟರ್ ಹಚ್ಚಿ, ಅವನಿಗೆ ಪಕ್ಕದಲ್ಲಿ ಕುರ್ಚಿ ಎಳೆದಳು.

"ಯಾವುದು ಎಷ್ಟಕ್ಕ ಹೋತು ಅಂತ ಯಾರ ಬೇಕಾದ್ರೂ ಇಲ್ಲಿ ನೋಡಬಹುದ್ರಿ. ಅದಕ್ಕ ಗಡಿಯಾರ ಕೊಳ್ಳೂದು ಬೇಕಿದ್ದಿಲ್ಲ."

ಮಾರಾಟಗಾರರ ಲೆಕ್ಕದ ಪುಟ ನಿಧಾನಕ್ಕೆ ತೆರೆಯಿತು. ಬೆರಳಿಟ್ಟು ಓದಿದಳು. ಗಡಿಯಾರವನ್ನು ಪಟ್ಟಿಗೆ ಹಾಕಲು ಮೂವತ್ತು, ಮಾರಾಟವಾಗಲಿ ಬಿಡಲಿ. ಎರಡು ಸಲ ಹಾಕಿದ್ದಕ್ಕೆ ಅರವತ್ತು. ಮಾರಾಟದ ಮೇಲೆ ನೂರಕ್ಕೆ ಐದರಂತೆ ಕಮಿಷನ್ ನೂರು. ಗಿರಾಕಿಯಿಂದ ಹಣ ವಸೂಲಿ ಮಾಡಿಕೊಟ್ಟದ್ದಕ್ಕೆ ನೂರಕ್ಕೆ ಮೂರರಂತೆ ಅರವತ್ತು.

"ಬೆಲಿ ಹೆಚ್ಚಾದ್ರ ಇದೂ ಹೆಚ್ಚು. ಅದಕ್ಕ ಪ್ರತಿ ಸಲ ಬ್ಯಾರೆ ಬ್ಯಾರೆ."

ಬೀರಲಿಂಗಪ್ಪ ಬೆರಳು ಮಡಚಿ ಕೂಡಿಸಿದ. "ಇನ್ನೂರಾ ಇಪ್ಪತ್ತಾತು. ಇನ್ನೊಂದ ಅರವತ್ತ?"

ಸುಹಾಸಿನಿ ಕಡೆಯ ಸಾಲು ನೋಡಿದಳು. ಶೀರ್ಷಿಕೆಯನ್ನು ದಪ್ಪ ಅಕ್ಷರದಲ್ಲಿ ತೋರಿಸಿದ್ದಕ್ಕೆ ಅರವತ್ತು ಎಂದಿತ್ತು. ಗಡಿಯಾರ ಹಾಕುವ ಪುಟವನ್ನು ತೆರೆದಳು. ಕೆಳಗಡೆ ಸಣ್ಣದೊಂದು ಚೌಕದಲ್ಲಿ ಮೊದಲೇ ಟಿಕ್ ಬಿದ್ದಿತ್ತು. ತೆಗೆಯದಿದ್ದರೆ ಹಣ ಕಡಿತ. ಹಳೆಯ ಪುಟಗಳನ್ನೆಲ್ಲ ತಿರುವಿದಳು. ಹನ್ನೊಂದು ಗಡಿಯಾರಕ್ಕೂ ಅರವತ್ತು ಹೋಗಿತ್ತು.

"ಇದನ್ನ ನಾ ನೋಡೇ ಇಲ್ರಿ. ಎಲ್ಲಾ ಕೂಡೇ ಫೀ ಅಂತ ತಿಳದಿದ್ದೆ. ಆರನೂರಾ ಅರವತ್ತು ನನ್ನ ತಪ್ಪಿಲೆ ಹೋದವು."

ಒಳಗೆ ಹೋಗಿ ಹಣ ತಂದು ಮೇಜಿನ ಮೇಲಿಟ್ಟಳು.

"ಬ್ಯಾಡ್ರಿ ಬಾಯಾರ. ನೀವೇನ್ ತಿಂದೀರೇನು?"

"ತಿಂದೇನಿ ಅಂತ ನೀವು ಇಡೀ ವರ್ಷ ತಿಳಕೊಂಡಿದ್ರಲ್ರಿ. ಒಮ್ಮೆ ಕೇಳಿದ್ರ ಅವತ್ತ ತೋರಸ್ತಿದ್ದೆ. ಈ ಚೌಕಾನೂ ಅವತ್ತ ಸಿಗತಿತ್ತು."

ಅವನು ಹಣ ಮುಟ್ಟದೆ ಎದ್ದು ಬಂದ. ಸಂಜೆ ಸುಹಾಸಿನಿ ಅದನ್ನು ಮುರಿಗೆವ್ವನ ಕೈಗೆ ಕೊಟ್ಟು, ಜೊತೆಗೆ ಒಂದು ಚೀಟಿಯನ್ನೂ ಕೊಟ್ಟಳು. ಅದರಲ್ಲಿ ಖಾತೆ ತೆರೆಯುವ ಕ್ರಮವನ್ನು ಕನ್ನಡದಲ್ಲಿ ಬರೆದಿದ್ದಳು.

ಬೀರಲಿಂಗಪ್ಪ ಸೈಬರ್ ಕೆಫೆಗೆ ಹೋಗಿ ಸ್ವಂತ ಖಾತೆ ತೆರೆದ. ಪ್ರತಿ ಚೌಕದ ಮುಂದೆ ಕನ್ನಡಕ ಏರಿಸಿ ಕೂರುತ್ತಿದ್ದ. ಫೀ ಎಷ್ಟಾದೀತೆಂದು ಮೊದಲೇ ಲೆಕ್ಕ ಹಾಕಿ, ಬೆಲೆಗೆ ಸೇರಿಸುವುದನ್ನು ಕಲಿತ. ವ್ಯಾಪಾರ ಕುದುರಿತು. ಎದುರು ಮನೆಯವಳು ಮಾತ್ರ ಕಂಡಾಗ "ಆರಾಮ್ರಿ?" ಎಂದಷ್ಟೇ ಕೇಳಿ ಒಳಗೆ ಹೋಗುತ್ತಿದ್ದಳು.

ಮರುವರ್ಷ ಬೇಸಿಗೆಯಲ್ಲಿ ಸುಹಾಸಿನಿ ತನ್ನ ತಾಯಿಯ ಕಾಲದ ಟೈಂಪೀಸ್ ಹಿಡಿದು ಬಂದಳು. ಬೀರಲಿಂಗಪ್ಪ ಎರಡು ದಿನದಲ್ಲಿ ಅದು ನಡೆಯುವಂತೆ ಮಾಡಿದ.

"ಎಷ್ಟಾತ್ರಿ ಕಾಕಾ?"

"ನಿಮ್ಮ ಕಡಿಂದ ಏನ್ ತಗೊಳ್ಳೂದ್ರಿ."

"ಹಂಗಲ್ರಿ. ಯಾವುದಕ್ಕ ಎಷ್ಟು ಅಂತ ಬರದು ಕೊಡ್ರಿ."

ಅವನು ಹಾಳೆ ತೆಗೆದುಕೊಂಡು ಬರೆದ. ಸ್ಪ್ರಿಂಗಿಗೆ ನಲವತ್ತು, ಎಣ್ಣೆಗೆ ಐದು, ಕೂಲಿ ಇಪ್ಪತ್ತು. ಸುಹಾಸಿನಿ ನಿಂತಲ್ಲೇ ಮೇಲಿಂದ ಕೆಳಗೆ ಓದಿದಳು. ಅವಳು ಓದಿ ಮುಗಿಸುವವರೆಗೂ ಬೀರಲಿಂಗಪ್ಪ ಮುಖ ಎತ್ತಲಿಲ್ಲ.

"ಸರಿ ಅದರಿ," ಎಂದು ಅರವತ್ತೈದು ರೂಪಾಯಿ ಎಣಿಸಿ ಕೊಟ್ಟಳು. ಮುರಿಗೆವ್ವ ಒಳಗಿನಿಂದ ಚಹಾ ತಂದಾಗ, ಒಂದು ಗಳಿಗೆ ಯೋಚಿಸಿ, ಕುರ್ಚಿಯಲ್ಲಿ ಕೂತಳು.