ಸರೋಜವ್ವನ ಬುಟ್ಟಿಯ ಅಣಬೆ

ಚಿಕ್ಕೇರೂರಿನ ಕುಬೇರಪ್ಪನಿಗೆ ಜ್ವರ ಬಿಟ್ಟು ತಿಂಗಳಾಗಿತ್ತು. ಹೊಟ್ಟೆ ಮಾತ್ರ ಸರಿಹೋಗಿರಲಿಲ್ಲ. ಕಿರಿಯ ಸೊಸೆ ಅಂಕಿತಾ ಹಿತ್ತಲ ಕೋಣೆಯಲ್ಲಿ ಭತ್ತದ ಹುಲ್ಲು ತುಂಬಿದ ಚೀಲಗಳಲ್ಲಿ ಅಣಬೆ ಬೆಳೆಯುತ್ತಿದ್ದಳು. ಅದರ ಪಲ್ಯ ಮಾಡಿ ಬಡಿಸಿದಳು. ಮುದುಕ ಎರಡು ರೊಟ್ಟಿ ಉಂಡು, "ಬಾಯಿಗೆ ರುಚಿ ಬಂತ ನೋಡವ್ವ" ಎಂದ.

ಹಿರಿಯ ಸೊಸೆ ಸರೋಜವ್ವನಿಗೆ ಆ ಮಾತು ಚುಚ್ಚಿತು. ಹದಿನೆಂಟು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದವಳು ಅವಳು. ಅವಳಿಗೆ ಒಂದು ದಿನವೂ ಇಂಥ ಮಾತು ಸಿಕ್ಕಿರಲಿಲ್ಲ.

ಮರುದಿನ ಹೊಲದ ಬದುವಿನಿಂದ ಬುಟ್ಟಿ ತುಂಬ ಬಿಳಿ ಅಣಬೆ ಕಿತ್ತು ತಂದು, ಅದರಲ್ಲಿ ಅರ್ಧವನ್ನು ಬಾಣಲೆಗೆ ಹಾಕಿದಳು.

"ಅಕ್ಕಾರ, ಅದು ಬ್ಯಾಡ್ರಿ. ಎಂಥಾ ಅಣಬಿನೋ ಏನೋ" ಎಂದಳು ಅಂಕಿತಾ.

"ಯಾಕ? ಮಾವ ನಿನ್ನ ಕೈಯಾಂದಷ್ಟ ಉಣ್ಣಬೇಕೇನು?"

ಅಷ್ಟರಲ್ಲಿ ಲಸಿಕೆಯ ದಿನ ತಿಳಿಸಲು ಆಶಾ ಕಾರ್ಯಕರ್ತೆ ಫರ್ಜಾನಾ ಬಂದಳು. ಬುಟ್ಟಿ ನೋಡಿದವಳೇ ಗ್ಯಾಸ್ ಬಂದ್ ಮಾಡಿದಳು.

"ವಿಷದ್ದಲ್ಲ ಬಿಡ" ಎಂದಳು ಸರೋಜವ್ವ. "ಬಳ್ಳೊಳ್ಳಿ ಹಾಕಿ ಕುದಿಸೇನಿ. ವಿಷ ಇದ್ದಿದ್ರ ಅದು ಕಪ್ಪಾಗ್ತಿತ್ತು, ಆಗಿಲ್ಲ ನೋಡು."

"ಬಳ್ಳೊಳ್ಳಿಗೇನ ಗೊತ್ತಾಕ್ಕೈತ್ರಿ ಅಕ್ಕಾರ?" ಎಂದಳು ಫರ್ಜಾನಾ. "ಅದು ಕಪ್ಪಾಗದಿದ್ರೂ ಅಣಬಿ ಜೀವಾ ತಗೋತೈತಿ. ಕೆಲವು ವಿಷ ಎಷ್ಟು ಕುದಿಸಿದ್ರೂ ಹೋಗೂದಿಲ್ಲ. ಇದು ಎಂಥಾದ್ದಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಿಮ್ಮ ಮಾವಗ ಬಡಸ್ತೀರೇನು?"

ಸರೋಜವ್ವ ಸೌಟು ಕೆಳಗಿಟ್ಟಳು. ಮಾತು ಬಿಡಲಿಲ್ಲ. "ಹಂಗಾರ ಆಕಿ ಅಣಬಿ ಏನ ಅಮೃತಾ?"

"ಅಮೃತಾನೂ ಅಲ್ಲ, ಔಷಧಾನೂ ಅಲ್ಲ. ಡಾಕ್ಟರ್ ಕೊಟ್ಟ ಗುಳಿಗಿ ಬಿಡಬಾರದು. ಅಣಬಿಯಾಗ ಒಂಥರಾ ನಾರು ಐತಿ, ಪಾಲಿಸ್ಯಾಕರೈಡ್ ಅಂತಾರ. ನಮಗ ಅದು ಅರಗೂದಿಲ್ಲ. ಕರುಳಾಗಿನ ಒಳ್ಳೆ ಸೂಕ್ಷ್ಮಾಣುಗಳಿಗೆ ಅದ ಊಟ. ಅವು ಗಟ್ಟಿ ಇದ್ರ ರೋಗ ತಡಿಯೋ ಶಕ್ತಿಗೂ ಆಸರಾ. ಎಷ್ಟು ಉಪಯೋಗ ಅಂತ ಇನ್ನೂ ಸಂಶೋಧನಾ ನಡದೈತಿ."

"ಹೊಟ್ಟ್ಯಾಗ ಹುಳಾ ಸಾಕಬೇಕೇನವ್ವ?"

"ಹುಳಾ ಅಲ್ರಿ! ಹಾಲು ಮೊಸರ ಮಾಡ್ತಾವಲ್ಲ, ಅಂಥಾವು."

ಸರೋಜವ್ವ ದನ, ಕೋಳಿ ಮುಟ್ಟದಂತೆ ತಗ್ಗು ತೋಡಿ, ಬುಟ್ಟಿಯದನ್ನೂ ಬಾಣಲೆಯದನ್ನೂ ಹೂತಳು. ಕೈ, ಬಾಣಲೆ ಚೆನ್ನಾಗಿ ತೊಳೆದು, ಅಂಕಿತಾಳ ಚೀಲದಿಂದ ಅಣಬೆ ಬಿಡಿಸಿ, ಚೆನ್ನಾಗಿ ಬೇಯಿಸಿ ತಾನೇ ಬಡಿಸಿದಳು.

"ಯಾರ ಮಾಡಿದ್ದು?" ಕುಬೇರಪ್ಪ ಕೇಳಿದ.

"ನಾನ್ರೀ ಮಾವ."

"ಚಲೋ ಆಗೇತವ್ವ."

ಬೆಳೆದವಳ ಹೆಸರನ್ನು ಸರೋಜವ್ವ ಹೇಳಲಿಲ್ಲ. ಅಂಕಿತಾ ತಿದ್ದಲೂ ಇಲ್ಲ. ಮಾವ ಉಣ್ಣುತ್ತಿದ್ದ.

ಹೊಟ್ಟೆಕಿಚ್ಚು ನಿಮ್ಮ ಮನೆಯಲ್ಲೂ ಇದ್ದೀತು. ಇರಲಿ, ಅದನ್ನು ಬಾಣಲೆಗೆ ಹಾಕಬೇಡಿ. ಬದುವಿನ ಅಣಬೆ ಕೀಳಬೇಡಿ. ಒಳ್ಳೆಯ ಬೀಜ ತಂದು ಬೆಳೆಯಿರಿ, ಇಲ್ಲವೇ ಬೆಳೆದವರಿಂದ ಕೊಳ್ಳಿ. ಗೊತ್ತಿಲ್ಲದ ಅಣಬೆ ಯಾರಾದರೂ ತಿಂದಿದ್ದರೆ, ವಾಂತಿ ಆಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಗಳಿಕೆ ನಾಳೆಯೂ ಸಿಕ್ಕೀತು. ಹೊಗಳುವವರು ಉಳಿದಿರಬೇಕು.