ಪುಡಿ ಮಾಡಬಾರದ ಮಾತ್ರೆ

ಅತ್ತೆ ಮತ್ತೆ ಬಿದ್ದರು. ಈ ಸಲ ಬಚ್ಚಲುಮನೆಯ ಬಾಗಿಲಲ್ಲಿ. ಏಟೇನೂ ದೊಡ್ಡದಲ್ಲ, ಮೊಣಕೈ ತರಚಿತ್ತು, ಅಷ್ಟೆ. ಆದರೆ ಸುದ್ದಿ ಅವರ ಮಗಳ ಕಿವಿಗೆ ಬಿತ್ತು. ಅಲ್ಲಿಗೆ ಬಿದ್ದದ್ದು ಸುಮ್ಮನೆ ಬಿದ್ದಿರುವ ಜಾತಿಯದ್ದಲ್ಲ.

"ಭಾನುವಾರ ಕಾರು ತಗೊಂಡು ಬರ್ತೀನಿ," ಎಂದು ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು. "ಅಮ್ಮನ ಬಟ್ಟೆಬರೆ ಕಟ್ಟಿಡು. ನೀನು ಬೆಳಗ್ಗೆ ಹೋದ್ರೆ ಸಂಜೆ ಬರೋಳು. ಬಿದ್ದಲ್ಲೇ ಬಿದ್ದಿದ್ರೆ ಎತ್ತೋರು ಯಾರು?"

"ಸರಿ ಅಕ್ಕ," ಎಂದಳು ಸೊಸೆ.

ಗಂಡ ತೀರಿಕೊಂಡ ಮೇಲೆ ಅವಳು ಯಾರಿಗೂ ಇಲ್ಲ ಎಂದದ್ದಿಲ್ಲ. ಸಮಾಧಾನ ಹೇಳಲು ಬಂದವರಿಗೂ ಸರಿ, ಇನ್ನೂ ಚಿಕ್ಕ ವಯಸ್ಸು ಎಂದು ಮಾತು ಎಳೆದವರಿಗೂ ಸರಿ. ಸರಿ ಎಂದರೆ ಜನ ಬೇಗ ಎದ್ದು ಹೋಗುತ್ತಾರೆ.

ಅತ್ತೆಗೆ ಹೋಗುವ ಮನಸ್ಸಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತ ಕೂತಿದ್ದರು. ಸೊಸೆಯ ಕಡೆ ನೋಡುತ್ತಿದ್ದರು. ಸೊಸೆ 'ಇರಿ' ಎನ್ನಲಿಲ್ಲ. ಅವರು ಇರುವುದು ತನಗೆ ಬೇಕೋ ಬೇಡವೋ ಎಂದು ತನ್ನನ್ನೇ ಕೇಳಿಕೊಂಡು ನೋಡಿದಳು. ಅವಳು ಏನು ಕೇಳಿಕೊಂಡರೂ ಆಗ ಉತ್ತರ ಬರುತ್ತಿರಲಿಲ್ಲ.

ಔಷಧಿಯ ಡಬ್ಬಿಯೊಳಗೆ ಮಡಚಿ ತುರುಕಿರುತ್ತಾರಲ್ಲ, ಯಾರೂ ಬಿಚ್ಚಿ ಓದದ ಸಣ್ಣಕ್ಷರದ ಚೀಟಿ, ಅದನ್ನು ಇಂಗ್ಲಿಷಿನಿಂದ ಜನರಾಡುವ ಕನ್ನಡಕ್ಕೆ ತರುವುದು ಅವಳ ಕೆಲಸ. ಇಡಿಯಾಗಿ ನುಂಗುವ ಮಾತ್ರೆ, ಅಗಿದು ತಿನ್ನುವ ಮಾತ್ರೆ, ನಾಲಿಗೆಯಡಿ ಇಟ್ಟು ಕರಗಿಸುವ ಮಾತ್ರೆ, ನೀರಿಗೆ ಹಾಕಿದರೆ ನೊರೆಯುಕ್ಕುವ ಮಾತ್ರೆ. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲೆಂದು ಮೇಲೆ ಲೇಪ ಹಾಕಿದ್ದು ಒಂದು. ಇಡೀ ದಿನ ಚೂರುಚೂರೇ ಔಷಧಿ ಬಿಡುವಂಥದ್ದು ಇನ್ನೊಂದು. ಇವೆರಡರ ಕೆಳಗೆ 'ಪುಡಿ ಮಾಡಬಾರದು, ಅಗಿಯಬಾರದು' ಎಂದು ದಪ್ಪಕ್ಷರದಲ್ಲಿ ಬರೆದು ಬರೆದು ಅವಳ ಬೆರಳಿಗೆ ಅದು ಬಾಯಿಪಾಠವಾಗಿತ್ತು.

ಆ ವಾರ ಬಂದದ್ದು ಚೀಟಿಯಲ್ಲ, ಮಾನಸಿಕ ಒತ್ತಡದ ಬಗ್ಗೆ ಒಂದು ಕೈಪಿಡಿ. ಒತ್ತಡದಲ್ಲೂ ಬಗೆಗಳಿದ್ದವು. ದಿಢೀರನೆ ಬಂದು ಹೋಗುವುದು, ಬಿಟ್ಟು ಬಿಟ್ಟು ಬರುವುದು, ಬೇರುಬಿಟ್ಟು ಕೂರುವುದು, ಆಘಾತವಾದ ಎಷ್ಟೋ ಕಾಲದ ಮೇಲೆ ಏಳುವುದು. ಅವಳು ಒಂದೊಂದನ್ನೂ ಬರೆಯುತ್ತ ಅತ್ತೆಯನ್ನು ಅದರೊಳಗೆ ಕೂರಿಸಿ ನೋಡಿದಳು. ಡಾಕ್ಟರು ಹೇಳಿದ್ದೂ ಅದೇ: "ಮಗನನ್ನ ಕಳಕೊಂಡಿದಾರೆ, ಸ್ಟ್ರೆಸ್ ಇರದೆ ಇರುತ್ತಾ?" ಸಂಜೆ ಕ್ಲಿನಿಕ್ಕಿಗೆ ಹೋದಾಗೆಲ್ಲ ಅತ್ತೆಯ ಬಿಪಿ ಮೇಲೇ ಇರುತ್ತಿತ್ತು. ಡಾಕ್ಟರು ಮಾತ್ರೆಯನ್ನು ಇನ್ನೂ ಜೋರಿನದ್ದಕ್ಕೆ ಏರಿಸಿದ್ದರು. ಬೀಳುವುದು ಅದರ ಜೊತೆಗೇ ಏರಿತ್ತು.

ಕೂರಿಸಿದರೂ ಅತ್ತೆ ಯಾವುದರಲ್ಲೂ ಕೂರಲಿಲ್ಲ. ಅವರು ಬೀಳುತ್ತಿದ್ದದ್ದು ಬೆಳಗಿನ ತಿಂಡಿ ಮುಗಿದ ಮೇಲೆ, ಯಾವಾಗಲೂ ಆಗಲೇ. ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿ ಎದ್ದು ತರಕಾರಿಯವನ ಜೊತೆ ಜಗಳಕ್ಕೆ ನಿಂತಿರುತ್ತಿದ್ದರು.

"ಸರ್, ದುಃಖ ಗಡಿಯಾರ ನೋಡ್ಕೊಂಡು ಬರುತ್ತಾ?" ಎಂದು ಅವಳು ಸಂಪಾದಕರನ್ನು ಕೇಳಿದಳು. ಸಿಕ್ಕಸಿಕ್ಕಲ್ಲಿ ಅಲ್ಪವಿರಾಮ ತುರುಕುವ ಚಾಳಿಗೆ ಆಫೀಸಿನಲ್ಲಿ ಅವರ ಹೆಸರೇ ಅಲ್ಪವಿರಾಮ ಎಂದಾಗಿತ್ತು.

"ಇಲ್ಲಮ್ಮ. ಗಡಿಯಾರ ನೋಡ್ಕೊಂಡು ಬರೋದು ಹಸಿವು, ಆಮೇಲೆ ನಮ್ಮ ಮ್ಯಾನೇಜರು." ಅಲ್ಪವಿರಾಮ ಕನ್ನಡಕ ತೆಗೆದರು. ಅವಳು ತಾನಾಗಿ ಮಾತು ಶುರು ಮಾಡಿ ಎಷ್ಟೋ ದಿನವಾಗಿತ್ತು. "ಯಾಕೆ, ಯಾವ ಪುಟದಲ್ಲಿದೆ?"

"ಪುಟದಲ್ಲಿಲ್ಲ ಸರ್. ನಾಳೆ ಬೆಳಗ್ಗೆ ರಜೆ ಬೇಕು."

ಶನಿವಾರ ಬೆಳಗ್ಗೆ ಅವಳು ಎಂದಿನಂತೆ ತಯಾರಾದಳು, ಹೊರಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಅತ್ತೆ ತಿಂಡಿ ಮುಗಿಸಿ ತಟ್ಟೆ ತೊಳೆದಿಟ್ಟರು. ಕೈ ಒರೆಸಿಕೊಂಡರು. ಮಾತ್ರೆಯ ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು ಚಮಚದೊಳಗೆ ಹಾಕಿದರು, ಅದರ ಮೇಲೆ ಇನ್ನೊಂದು ಚಮಚ ಇಟ್ಟು ಹೆಬ್ಬೆರಳಿನಿಂದ ಅದುಮಿದರು. ಟಿಕ್ ಎಂದಿತು.

ಆ ಸದ್ದು ಅವಳಿಗೆ ಗೊತ್ತಿತ್ತು. ದಿನಾ ಹೊರಡುವ ಗಡಿಬಿಡಿಯಲ್ಲಿ ಕೇಳುತ್ತಿದ್ದ ಸದ್ದೇ. ಗಂಡನ ಗಂಟಲಲ್ಲಿ ಗಟ್ಟಿಯಾದದ್ದೇನೂ ಇಳಿಯದ ಆ ತಿಂಗಳುಗಳಲ್ಲಿ ಮನೆಯಲ್ಲಿ ಎಲ್ಲ ಮಾತ್ರೆಯೂ ಹೀಗೆಯೇ ಪುಡಿಯಾಗಿ ಬಾಳೆಹಣ್ಣಿನಲ್ಲಿ ಕಲಸಿಹೋಗುತ್ತಿತ್ತು. ಆಮೇಲೆ ಅವನು ಹೋದ, ಸದ್ದು ಹೋಗಲಿಲ್ಲ. ಹೋಗಲಿಲ್ಲವೆಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಗೋಡೆ ಇದೆ, ಕಿಟಕಿ ಇದೆ, ಹಾಗೆ ಅದೂ ಇತ್ತು.

ಅತ್ತೆ ಚಮಚವನ್ನು ಬಾಯಿಗೆ ಎತ್ತಿದರು. ಸೊಸೆ ಓಡಿಹೋಗಿ ಕೈ ಹಿಡಿದಳು. ಪುಡಿ ನೆಲಕ್ಕೆ ಚೆಲ್ಲಿತು.

"ಏನೇ ಇದು, ದೆವ್ವ ಹಿಡೀತಾ?"

"ಇದನ್ನ ಪುಡಿ ಮಾಡಬಾರದು ಅತ್ತೆ. ಇಡಿಯಾಗಿ ನುಂಗಬೇಕು."

"ನನಗೇನು ನುಂಗೋಕೆ ಬರಲ್ವಾ? ಬರುತ್ತೆ."

"ಮತ್ತೆ ಯಾಕೆ ಹೀಗೆ?"

ಅತ್ತೆ ಚಮಚಗಳನ್ನು ನೋಡಿದರು. ಅವೇ ಏನಾದರೂ ಹೇಳಬಹುದು ಎಂಬಂತೆ ನೋಡಿದರು. "ಗೊತ್ತಿಲ್ಲ ಕಣೇ. ಮಾತ್ರೆ ಅಂದ್ರೆ ಕೈ ತಾನೇ ಹೋಗುತ್ತೆ. ಅವನಿಗೆ ಹಾಗೇ ಕೊಡ್ತಿದ್ನಲ್ಲ."

ಫೋನಿನಲ್ಲಿ ಡಾಕ್ಟರು "ಅಯ್ಯೋ" ಎಂದರು. ಡಾಕ್ಟರ ಬಾಯಲ್ಲಿ ಆ ಮಾತು ಬರುತ್ತದೆಂದು ಅವಳು ಎಣಿಸಿರಲಿಲ್ಲ. ದಿನವಿಡೀ ತೊಟ್ಟಿಕ್ಕಬೇಕಾದದ್ದು ಒಂದೇ ಸಲ ಮೈಮೇಲೆ ಸುರಿದಂತೆ, ಅದಕ್ಕೇ ಬೆಳಗ್ಗೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ಸಂಜೆಗೆ ಔಷಧಿಯೇ ಉಳಿದಿರುವುದಿಲ್ಲ, ಮತ್ತೆ ಏರುತ್ತದೆ ಎಂದರು. ಏರಿಸಿದ್ದು ಬೇಡ, ಮೊದಲಿನ ಮಾತ್ರೆಗೇ ಹೋಗಿ, ಇಡಿಯಾಗಿ ನುಂಗಿಸಿ, ಇವತ್ತೇ ಒಮ್ಮೆ ಕರೆದುಕೊಂಡು ಬನ್ನಿ. ಅವಳು ಕರೆದುಕೊಂಡು ಹೋಗಿ ಬಂದಳು.

ಭಾನುವಾರ ನಾದಿನಿ ಕಾರಿನಲ್ಲಿ ಬಂದಳು. ಚೀಲ ಬಾಗಿಲ ಹತ್ತಿರ ತುಂಬಿ ನಿಂತಿತ್ತು. ವಿಷಯ ಕೇಳಿ ಅವಳು ಕುರ್ಚಿಯ ಮೇಲೆ ಕೂತಳು, ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಊರಿಗೆಲ್ಲ ಪುಡಿ ಮಾಡಬೇಡಿ ಅಂತ ಬರೆದು ಸಂಬಳ ತಗೊಳ್ತೀಯ. ನಿನ್ನ ಅಡುಗೆಮನೇಲಿ ಏನಾಗ್ತಿದೆ ಅಂತ ಕಾಣ್ಲಿಲ್ವಾ?"

"ಕಾಣ್ಲಿಲ್ಲ ಅಕ್ಕ."

"ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ."

"ಹೌದಕ್ಕ."

"ಸಾಕು ಬಿಡೇ," ಎಂದರು ಅತ್ತೆ ಮಗಳಿಗೆ. "ಕುಟ್ಟಿದೋಳು ನಾನು, ಬೈಸ್ಕೊಳ್ಳೋಳು ಅವಳಾ?"

ನಾದಿನಿಯ ದನಿ ಇಳಿಯಿತು. "ಬೈದಿದ್ದಲ್ಲಮ್ಮ. ಇವತ್ತು ಇದು, ನಾಳೆ ಇನ್ನೊಂದು. ನಮ್ಮನೇಲಾದ್ರೆ ಯಾವಾಗಲೂ ಜನ ಇರ್ತಾರೆ. ರೂಮು ಖಾಲಿ ಮಾಡಿಟ್ಟಿದೀನಿ." ಆಮೇಲೆ ಸೊಸೆಯ ಕಡೆ ತಿರುಗಿದಳು. "ನೀನೇ ಹೇಳು. ಅಮ್ಮ ಇಲ್ಲಿರಬೇಕಾ, ಬರಬೇಕಾ? ಸರಿ ಅಂತ ಮಾತ್ರ ಅನ್ಬೇಡ."

ಸೊಸೆ ಬಾಗಿಲ ಹತ್ತಿರದ ಚೀಲ ನೋಡಿದಳು, ಅತ್ತೆಯನ್ನು ನೋಡಿದಳು.

"ಇರಲಿ," ಎಂದಳು.

"ಇರಲಿ ಅಂದ್ರೆ?" ಅತ್ತೆಗೆ ಸಿಟ್ಟು ಬಂತು. "ನಾನೇನು ಛತ್ರಿಯಾ, ಬಾಗಿಲ ಸಂದೀಲಿ ಇರಲಿ ಅನ್ನೋಕೆ?"

"ನೀವು ಇರಬೇಕು," ಎಂದಳು ಸೊಸೆ. ಅಷ್ಟು ಸಾಲದು ಎನಿಸಿತು. "ನೀವು ಹೋದ್ರೆ ನಾನು ಮನೆಗೆ ಬರಲ್ಲ ಅತ್ತೆ. ಆಫೀಸಿನಿಂದ ಎಲ್ಲಿಗೆ ಹೋಗ್ತೀನೋ, ಗೊತ್ತಿಲ್ಲ. ಇಲ್ಲಿಗಂತೂ ಬರೋಕಾಗಲ್ಲ."

ನಾದಿನಿ ಎದ್ದು ತಾನೇ ಚೀಲದ ಜಿಪ್ಪು ಎಳೆದಳು. ಬಟ್ಟೆಗಳನ್ನು ತೆಗೆದು ಕಪಾಟಿಗೆ ತಪ್ಪು ತಪ್ಪು ಕಡೆ ಜೋಡಿಸಿದಳು. ಅತ್ತೆ ಹಿಂದೆಯೇ ನಿಂತು, ಅದು ಅಲ್ಲಲ್ಲ, ಇದು ಇಲ್ಲಲ್ಲ ಎಂದು ಗೊಣಗುತ್ತ ಎಲ್ಲವನ್ನೂ ಮತ್ತೆ ಜೋಡಿಸಿದರು.

ಸೋಮವಾರ ಸೊಸೆ ಹೊರಡಲು ತಯಾರಾಗಿ ಅಡುಗೆಮನೆಯಲ್ಲಿ ನಿಂತಿದ್ದಳು. ಅತ್ತೆ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ನೀರು ಕುಡಿದರು. ಲೋಟ ಕೆಳಗಿಟ್ಟರು.

"ಹೋಗೇ, ಹೊತ್ತಾಯ್ತು. ನುಂಗಿದೀನಿ. ಬಾಯಿ ತೆಗೆದು ತೋರಿಸ್ಲಾ?"

ಅವರು ತಮಾಷೆಗೆ ಕೇಳಿದ್ದು.

"ತೋರಿಸಿ," ಎಂದಳು ಸೊಸೆ.

ಅತ್ತೆ ಅವಳ ಮುಖ ನೋಡಿದರು. ಆಮೇಲೆ ಕಿಟಕಿಯ ಬೆಳಕಿಗೆ ತಿರುಗಿ ನಿಂತು, ಕಣ್ಣು ಮುಚ್ಚಿ, ದೊಡ್ಡದಾಗಿ ಬಾಯಿ ತೆರೆದರು.